ಕಾಗೆಬಂಗಾರದ ಪದರ, ಕರಿ ಗ್ರೀಸಿನ ಚಿಪ್

ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋದರೆ ರಾಜ್ಯದ ಗಡಿಯನ್ನು ಎರಡು ಸಲ ದಾಟಬೇಕು. ಆಂಧ್ರದಿಂದ ಕರ್ನಾಟಕಕ್ಕೆ, ಅಲ್ಲಿಂದ ಮತ್ತೆ ಆಂಧ್ರಕ್ಕೆ. ಬೋರ್ಡುಗಳ ಲಿಪಿ ಬದಲಾಗುತ್ತದೆ. ಬಂಡೆಗುಡ್ಡ, ಕಡಲೆಕಾಯಿ ಹೊಲ, ಹುಣಸೆಮರ ಬದಲಾಗುವುದಿಲ್ಲ. ಒಂದು ಹದ ಮಳೆ ಬಿದ್ದು ಬಿಟ್ಟ ಮೇಲೆ ಆ ಗುಡ್ಡಗಳ ಬುಡದ ಮಣ್ಣಿನಲ್ಲಿ ಮಿಣಮಿಣ ಹೊಳೆಯುವ ಚೂರುಗಳನ್ನು ಮಕ್ಕಳು ಆಯುತ್ತಾರೆ. ಕನ್ನಡದ ಮನೆಯಲ್ಲಿ ಅದು ಕಾಗೆಬಂಗಾರ, ತೆಲುಗಿನ ಮನೆಯಲ್ಲಿ ಕಾಕಿಬಂಗಾರಂ. ನಾನೂ ಆಯ್ದವನೇ. ಅಂಚಿಗೆ ಉಗುರು ಕೊಟ್ಟು ಎಬ್ಬಿಸಿದರೆ ಒಂದು ಹಾಳೆ ಬರುತ್ತದೆ, ಆ ಹಾಳೆಯನ್ನು ಎಬ್ಬಿಸಿದರೆ ಇನ್ನೊಂದು. ಎಷ್ಟು ತೆಳ್ಳಗಾದರೂ ಇನ್ನೂ ಒಂದು ಸಲ ಬಿಡಿಸಬಹುದು ಎನ್ನಿಸುತ್ತಿತ್ತು. ಕೊನೆಯ ಹಾಳೆ ಯಾವುದು ಎಂದು ನಾವು ಯಾರೂ ಕಂಡಿರಲಿಲ್ಲ.

ಆ ಕೊನೆಯ ಹಾಳೆಯನ್ನು ಹುಡುಕಿ ತೆಗೆದ ಕಥೆಯೇ ಇವತ್ತಿನ ಎಲೆಕ್ಟ್ರಾನಿಕ್ಸ್‌ನ ದೊಡ್ಡ ಕಥೆ. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೈಟ್ ತುಂಡಿಗೆ ಸಾಮಾನ್ಯ ಅಂಟುಪಟ್ಟಿ ಹಚ್ಚಿ ಕಿತ್ತರು, ಕಿತ್ತದ್ದಕ್ಕೆ ಮತ್ತೆ ಹಚ್ಚಿ ಮತ್ತೆ ಕಿತ್ತರು. ಕೊನೆಗೆ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ ಸಿಕ್ಕಿತು. ಅದೇ ಗ್ರಾಫೀನ್. ಆರು ವರ್ಷಕ್ಕೆ, 2010ರಲ್ಲಿ, ಇಬ್ಬರಿಗೂ ನೊಬೆಲ್ ಬಂತು. ಪೆನ್ಸಿಲ್ ಹಿಡಿದು ಕಾಗದದ ಮೇಲೆ ಗೀಚುವಾಗ ನಾವು ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ: ಗ್ರಾಫೈಟಿನ ಪದರಗಳು ಸರಿದು ಕಾಗದಕ್ಕೆ ಅಂಟಿಕೊಳ್ಳುತ್ತವೆ. ನಮ್ಮ ಸ್ಲೇಟಿನ ಮೇಲೆ ಬಳಪ ಬರೆಯುತ್ತಿದ್ದದ್ದರ ಗುಟ್ಟೂ ಅಷ್ಟೇ. ಬಳಪದ ಕಲ್ಲೂ ಪದರದ ಕಲ್ಲು.

ಇಂಥ ವಸ್ತುಗಳ ಸ್ವಭಾವ ಒಂದೇ ಮಾತಿನದು. ಹಾಳೆಯ ಒಳಗೆ ಪರಮಾಣುಗಳು ಬಲವಾಗಿ ಕೈಹಿಡಿದುಕೊಂಡಿರುತ್ತವೆ. ಹಾಳೆಗೂ ಹಾಳೆಗೂ ನಡುವಿನ ಹಿಡಿತ ಮಾತ್ರ ಬಹಳ ಸಡಿಲ. ಆ ಸಡಿಲ ಹಿಡಿತಕ್ಕೆ ಡಚ್ ವಿಜ್ಞಾನಿಯೊಬ್ಬರ ಹೆಸರಿಟ್ಟು ವಾನ್ ಡರ್ ವಾಲ್ಸ್ ಬಲ ಎನ್ನುತ್ತಾರೆ. ಹಿಂದೂಪುರದ ಪಕ್ಕದಲ್ಲೇ ಇರುವ ಲೇಪಾಕ್ಷಿಯಲ್ಲಿ, ವಿಜಯನಗರದ ಕಾಲದ ವೀರಭದ್ರ ಗುಡಿಯಲ್ಲಿ, ನೇತಾಡುವ ಕಂಬ ನೋಡಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಕಂಬದ ಬುಡಕ್ಕೂ ನೆಲಕ್ಕೂ ನಡುವೆ ಒಂದು ತೆಳು ಸಂದು. ಬಂದವರೆಲ್ಲ ಟವೆಲ್ಲನ್ನೋ ಸೆರಗನ್ನೋ ಅದರಡಿ ತೂರಿಸಿ ಆ ಕಡೆ ಎಳೆಯುತ್ತಾರೆ. ಪದರವಸ್ತುಗಳಲ್ಲೂ ಪ್ರತಿ ಹಾಳೆಯ ಕೆಳಗೆ ಅಂಥದೊಂದು ಸಂದು ಇದೆ, ಒಂದು ನ್ಯಾನೋಮೀಟರಿನ ಮೂರನೇ ಒಂದು ಪಾಲಿನಷ್ಟು. ಅಲ್ಲಿ ಬಟ್ಟೆ ತೂರದು, ಲಿಥಿಯಂ ಪರಮಾಣು ತೂರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗ್ರಾಫೀನ್ ಸಿಕ್ಕಾಗ ಇನ್ನು ಸಿಲಿಕಾನ್‌ನ ಕಾಲ ಮುಗಿಯಿತು ಎಂದು ಬರೆದವರು ಬಹಳ. ಎಲೆಕ್ಟ್ರಾನುಗಳು ಅದರಲ್ಲಿ ಸಿಲಿಕಾನ್‌ಗಿಂತ ಎಷ್ಟೋ ವೇಗವಾಗಿ ಓಡುತ್ತವೆ, ನಿಜ. ಆದರೆ ಕಂಪ್ಯೂಟರಿಗೆ ಬೇಕಾದದ್ದು ಬರೀ ಓಟವಲ್ಲ. ಕೆರೆಯ ತೂಬನ್ನು ನೆನೆಯಿರಿ. ನೀರಗಂಟಿ ತೂಬೆತ್ತಿದಾಗ ನೀರು ಹರಿಯಬೇಕು, ಮುಚ್ಚಿದಾಗ ನಿಲ್ಲಬೇಕು. ಟ್ರಾನ್ಸಿಸ್ಟರ್ ಎಂದರೆ ವಿದ್ಯುತ್ತಿನ ತೂಬು. ಅದಕ್ಕೂ ಒಬ್ಬ ನೀರಗಂಟಿ ಇದ್ದಾನೆ, ಅವನ ಹೆಸರು ಗೇಟ್. ಹರಿದರೆ 1, ನಿಂತರೆ 0. ಫೋನು, ಟಿವಿ, ಬ್ಯಾಂಕಿನ ಲೆಕ್ಕ ಎಲ್ಲವೂ ಇದರ ಮೇಲೆ ನಿಂತಿದೆ. ಗ್ರಾಫೀನ್ ಮುಚ್ಚಲಾಗದ ತೂಬು. ವಿದ್ಯುತ್ತನ್ನು ತಡೆದು ನಿಲ್ಲಿಸಲು ವಸ್ತುವಿನೊಳಗೆ ಎಲೆಕ್ಟ್ರಾನು ಹಾರಲಾರದ ಒಂದು ಶಕ್ತಿಯ ಕಂದಕ ಇರಬೇಕು. ಸಿಲಿಕಾನ್‌ನಲ್ಲಿ ಅದರ ಅಗಲ 1.1 ಎಲೆಕ್ಟ್ರಾನ್ ವೋಲ್ಟ್. ಗ್ರಾಫೀನ್‌ನಲ್ಲಿ ಸೊನ್ನೆ. ಕೆರೆಯ ನೀರೆಲ್ಲ ಹರಿದುಹೋಗುವ ತೂಬನ್ನು ಕಲ್ಯಾಣದುರ್ಗದ ಯಾವ ರೈತ ತಾನೇ ಮೆಚ್ಚುತ್ತಾನೆ?

ಹಾಗಾಗಿ ವಿಜ್ಞಾನಿಗಳು ಗ್ರಾಫೀನ್‌ನ ಅಕ್ಕಪಕ್ಕದ ಮನೆಗಳ ಕದ ತಟ್ಟಿದರು. ಅವುಗಳಲ್ಲಿ ಮುಖ್ಯವಾದ ವಸ್ತುವನ್ನು ಈ ದಾರಿಯ ಲಾರಿ, ಟ್ರ್ಯಾಕ್ಟರ್ ಮೆಕ್ಯಾನಿಕ್ಕುಗಳು ಎಂದಿನಿಂದಲೋ ಕೈಯಲ್ಲಿ ಹಿಡಿದಿದ್ದಾರೆ. ಕಲ್ಯಾಣದುರ್ಗದ ಒಂದು ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ರಿಪೇರಿಗೆ ಕೂತಿದ್ದಾಗ ಮೆಕ್ಯಾನಿಕ್ ಬೆರಳ ತುದಿಯಲ್ಲಿ ಕಪ್ಪನೆಯ ಗ್ರೀಸ್ ಎತ್ತಿ ತೋರಿಸಿದ. ‘ಇದು ಮಾಲಿ ಗ್ರೀಸು ಸಾರ್. ಭಾರ ಬೀಳೋ ಜಾಯಿಂಟಿಗೆ ಇದೇ ಬೇಕು. ಮಾಮೂಲಿ ಗ್ರೀಸು ತಡೆಯಲ್ಲ.’ ಆ ಗ್ರೀಸಿನ ಕಪ್ಪು ಬಣ್ಣಕ್ಕೆ ಕಾರಣ ಮಾಲಿಬ್ಡಿನಂ ಡೈಸಲ್ಫೈಡ್. ಉಪಗ್ರಹಗಳ ತಿರುಗುವ ಭಾಗಗಳಿಗೂ ಇದನ್ನು ಒಣ ಜಾರುಪುಡಿಯಾಗಿ ಬಳಿಯುತ್ತಾರೆ. ಅದು ಜಾರುವುದು ಪದರಗಳು ಒಂದರ ಮೇಲೊಂದು ಸರಿಯುವುದರಿಂದ. ಒಂದು ಪದರದ ಕಟ್ಟಡ ಥೇಟ್ ಒಬ್ಬಟ್ಟಿನದು: ನಡುವೆ ಹೂರಣದ ಹಾಗೆ ಮಾಲಿಬ್ಡಿನಂ, ಮೇಲೊಂದು ಕೆಳಗೊಂದು ಕಣಕದ ಹಾಗೆ ಗಂಧಕ. ಮೂರೇ ಪರಮಾಣುಗಳ ದಪ್ಪ, 0.65 ನ್ಯಾನೋಮೀಟರ್. ಹಿಂದೂಪುರದ ಕಡೆ ಗೂಡಿನಿಂದ ಬಿಚ್ಚುವ ಒಂದು ರೇಷ್ಮೆ ಎಳೆ ಎಷ್ಟು ನವಿರು ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಆ ಒಂದು ಎಳೆಯ ದಪ್ಪದಲ್ಲಿ ಇಂಥ ಪದರಗಳನ್ನು ಕಡಿಮೆಯೆಂದರೂ 15 ಸಾವಿರ ಪೇರಿಸಬಹುದು.

ಈ ಕರಿಪುಡಿಯ ಸೋಜಿಗ ಇರುವುದು ತೆಳ್ಳಗಾದಾಗ ಅದು ತೋರುವ ಗುಣದಲ್ಲಿ. ಗಟ್ಟಿಯಾಗಿದ್ದಾಗ ಅದು ಅರೆವಾಹಕವೇ, ಆದರೆ ಬೆಳಕು ಕೊಡದ ಮಂಕು ವಸ್ತು. ಪದರ ಪದರವಾಗಿ ಬಿಡಿಸುತ್ತ ಒಂದಕ್ಕೆ ತಂದಾಗ ಅದರ ಶಕ್ತಿಯ ಕಂದಕ ಹಿಗ್ಗಿ ಸುಮಾರು 1.8 ಎಲೆಕ್ಟ್ರಾನ್ ವೋಲ್ಟ್ ಆಗುತ್ತದೆ, ಕಂದಕದ ಬಗೆಯೇ ಬದಲಾಗುತ್ತದೆ, ಹೊಮ್ಮುವ ಬೆಳಕು ಸಾವಿರಾರು ಪಟ್ಟು ಹೆಚ್ಚುತ್ತದೆ. ಇದು ಖಚಿತವಾದದ್ದು 2010ರಲ್ಲಿ. ಮರುವರ್ಷ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಆಂದ್ರಾಸ್ ಕಿಶ್ ಅವರ ತಂಡ ಒಂದೇ ಪದರದಿಂದ ಟ್ರಾನ್ಸಿಸ್ಟರ್ ಮಾಡಿ ತೋರಿಸಿತು. ತೂಬೆತ್ತಿದಾಗ ಹರಿಯುವ ವಿದ್ಯುತ್ತು ಮುಚ್ಚಿದಾಗ ಜಿನುಗುವುದಕ್ಕಿಂತ 10 ಕೋಟಿ ಪಟ್ಟು ಹೆಚ್ಚಿತ್ತು. ಗ್ರಾಫೀನ್ ಸೋತ ಪರೀಕ್ಷೆಯಲ್ಲಿ ಗ್ರೀಸಿನ ಪುಡಿ ಗೆದ್ದಿತು.

ಸಿಲಿಕಾನ್ ಇದ್ದೇ ಇದೆಯಲ್ಲ, ಅದರಲ್ಲಿ ಏನು ಕೊರೆ ಎಂದು ಕೇಳಬಹುದು. ಐವತ್ತು ವರ್ಷಕ್ಕೂ ಮೇಲ್ಪಟ್ಟು ಅದನ್ನು ಕಿರಿದು ಮಾಡುತ್ತಲೇ ಬಂದೆವು. ತೂಬಿನ ಕಾಲುವೆ ಗಿಡ್ಡವಾದಷ್ಟೂ ನೀರಗಂಟಿಯ ಹಿಡಿತ ತಪ್ಪುತ್ತದೆ. ಮುಚ್ಚಿದರೂ ಕೆಳಗಡೆಯಿಂದ ಜಿನುಗುತ್ತದೆ. ಜಿನುಗು ನಿಲ್ಲಿಸಲು ಕಾಲುವೆಯನ್ನು ತೆಳ್ಳಗೆ ಮಾಡಬೇಕು. ಕೆಲವೇ ನ್ಯಾನೋಮೀಟರಿನಷ್ಟು ತೆಳ್ಳಗಾದ ಸಿಲಿಕಾನ್ ತನ್ನ ಮೇಲ್ಮೈಯ ಒರಟುತನದಿಂದಲೇ ಎಲೆಕ್ಟ್ರಾನುಗಳನ್ನು ಎಡವಿಸುತ್ತದೆ. ಅದು ಪದರದ ವಸ್ತುವಲ್ಲ. ಎಲ್ಲಿ ಕೊಯ್ದರೂ ಅಲ್ಲಿ ಪರಮಾಣುಗಳ ಕೈಗಳು ಹಿಡಿಯಲು ಜೊತೆಯಿಲ್ಲದೆ ಚಾಚಿಕೊಂಡಿರುತ್ತವೆ. ಮಾಲಿಬ್ಡಿನಂ ಡೈಸಲ್ಫೈಡಿನ ಹಾಳೆಗೆ ಆ ತೊಂದರೆ ಇಲ್ಲ. ಅದರ ಮೈ ಹುಟ್ಟಿನಿಂದಲೇ ನುಣುಪು. 2016ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಅಲಿ ಜಾವಿ ಅವರ ತಂಡ ಇಂಗಾಲದ ನಳಿಗೆಯನ್ನೇ ಗೇಟ್ ಮಾಡಿ, ಒಂದೇ ನ್ಯಾನೋಮೀಟರ್ ಗೇಟಿನ ಟ್ರಾನ್ಸಿಸ್ಟರನ್ನು ಈ ವಸ್ತುವಿನಲ್ಲಿ ನಡೆಸಿತು. ಅಂದಹಾಗೆ, ಫೋನಿನ ಜಾಹೀರಾತಿನಲ್ಲಿ ಕಾಣುವ 3 ನ್ಯಾನೋಮೀಟರ್ ಚಿಪ್ ಎಂಬುದು ತಲೆಮಾರಿನ ಹೆಸರು ಮಾತ್ರ. ಆ ಚಿಪ್ಪಿನ ಗೇಟಿನ ಉದ್ದ ಅದಕ್ಕಿಂತ ಎಷ್ಟೋ ಹೆಚ್ಚು.

ಇಷ್ಟನ್ನು ಹೇಳಿದ್ದು ಒಂದು ಊರಿನ ಸುದ್ದಿಗೆ ಬರುವುದಕ್ಕೆ. ಹಿಂದೂಪುರದಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್. ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ನಮ್ಮ ಜನ ಹತ್ತುವ ರೈಲು ಗೌರಿಬಿದನೂರು, ತೊಂಡೇಬಾವಿ, ಮಾಕಳಿದುರ್ಗದ ಗುಡ್ಡ, ದೊಡ್ಡಬಳ್ಳಾಪುರ ದಾಟಿ ಯಲಹಂಕಕ್ಕೆ ಬರುತ್ತದೆ. ಯಲಹಂಕದ ಮಗ್ಗುಲಲ್ಲಿ ಜಕ್ಕೂರು. ಅಲ್ಲಿ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರವಿದೆ, 1989ರಲ್ಲಿ ಸ್ಥಾಪನೆಯಾದದ್ದು. ಅದನ್ನು ಕಟ್ಟಿದವರು ಬೆಂಗಳೂರಿನಲ್ಲೇ ಹುಟ್ಟಿದ ಭಾರತರತ್ನ ಸಿ.ಎನ್.ಆರ್. ರಾವ್. 2010ರಲ್ಲಿ, ಜಗತ್ತು ಮಾಲಿಬ್ಡಿನಂ ಡೈಸಲ್ಫೈಡಿನ ಒಂಟಿ ಪದರದ ಕಡೆ ಕಣ್ಣು ಹೊರಳಿಸಿದ ಅದೇ ವರ್ಷ, ರಾಮಕೃಷ್ಣ ಮಟ್ಟೆ ಮತ್ತು ಜೊತೆಗಾರರು ರಾವ್ ಅವರೊಂದಿಗೆ ಮಾಲಿಬ್ಡಿನಂ, ಟಂಗ್‌ಸ್ಟನ್ ಎರಡರ ಸಲ್ಫೈಡುಗಳಿಂದಲೂ ಗ್ರಾಫೀನ್‌ನಂಥ ಹಾಳೆಗಳನ್ನು ರಾಸಾಯನಿಕ ವಿಧಾನಗಳಿಂದ ಪಡೆದು ಪ್ರಕಟಿಸಿದರು. ಅವುಗಳಲ್ಲಿ ಒಂದು ವಿಧಾನವೇ ಆಗ ಹೇಳಿದ ಲಿಥಿಯಂನದು. ಪದರಗಳ ಸಂದಿಗೆ ಲಿಥಿಯಂ ನುಗ್ಗಿಸಿ, ಆಮೇಲೆ ನೀರಿಗೆ ಹಾಕಿದರೆ ಜಲಜನಕ ಉಕ್ಕಿ ಪದರಗಳನ್ನು ಒಳಗಿನಿಂದ ಸೀಳಿ ಬಿಡಿಸುತ್ತದೆ. ಈ ಉಪಾಯ 1986ರಷ್ಟು ಹಳೆಯದು. ಆಗ ಅದರ ಬೆಲೆ ತಿಳಿದವರು ಕಡಿಮೆ. ವಿಜ್ಞಾನದಲ್ಲಿ ಇಂಥವು ಎಷ್ಟೋ. ಬೀಜ ಬಿದ್ದಿರುತ್ತದೆ, ಹದ ಬರಬೇಕು.

ಅದೇ ರೈಲು ಯಶವಂತಪುರಕ್ಕೆ ಬಂದರೆ ಮರಗಳ ಆ ಕಡೆ ಭಾರತೀಯ ವಿಜ್ಞಾನ ಸಂಸ್ಥೆ. ಮೈಸೂರಿನ ಮಹಾರಾಜರು ಕೊಟ್ಟ ಜಮೀನಿನಲ್ಲಿ 1909ರಲ್ಲಿ ಹುಟ್ಟಿದ ಸಂಸ್ಥೆ ಅದು, ನಮ್ಮವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. 2013ರಲ್ಲಿ ಅಲ್ಲಿನ ಭೌತಶಾಸ್ತ್ರ ವಿಭಾಗದ ಅರಿಂದಮ್ ಘೋಷ್ ಅವರ ತಂಡ ಗ್ರಾಫೀನ್ ಮತ್ತು ಮಾಲಿಬ್ಡಿನಂ ಡೈಸಲ್ಫೈಡ್ ಎರಡನ್ನೂ ಒಂದರ ಮೇಲೊಂದು ಇಟ್ಟಿತು. ಕೆಳಗಿನ ಮಾಲಿಬ್ಡಿನಂ ಡೈಸಲ್ಫೈಡ್ ಬೆಳಕನ್ನು ಹಿಡಿಯುತ್ತದೆ, ಗ್ರಾಫೀನ್ ಆ ಸುದ್ದಿಯನ್ನು ವಿದ್ಯುತ್ತಾಗಿ ಸಾಗಿಸುತ್ತದೆ. ತೀರ ಮಂದ ಬೆಳಕೂ ಅದಕ್ಕೆ ಗೊತ್ತಾಗುತ್ತಿತ್ತು. ಬೆಳಕು ಆರಿದ ಮೇಲೂ ಅದರ ನೆನಪನ್ನು ಇಟ್ಟುಕೊಂಡು, ಗೇಟಿನಿಂದ ಒಂದು ಮಿಡಿತ ಕೊಟ್ಟಾಗ ಅಳಿಸಿಕೊಳ್ಳುತ್ತಿತ್ತು. ಕಣ್ಣೂ ಅದೇ, ನೆನಪೂ ಅದೇ. ನನಗೆ ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದ ಪ್ರಯೋಗ ಇದು. ಒಂದು ವಸ್ತುವಿನ ಕೊರತೆಯನ್ನು ಇನ್ನೊಂದು ತುಂಬಿಕೊಟ್ಟ ರೀತಿ ಹಾಗಿದೆ.

ಪದರಗಳನ್ನು ಪೇರಿಸುವ ಈ ಕೆಲಸದಲ್ಲಿ ಜಗತ್ತಿನ ಎಲ್ಲ ಪ್ರಯೋಗಾಲಯಗಳಿಗೂ ಬೇಕಾಗುವ ಇನ್ನೊಂದು ವಸ್ತು ಬೋರಾನ್ ನೈಟ್ರೈಡ್. ನೋಡಲು ಬಿಳಿ, ಕಟ್ಟಡದಲ್ಲಿ ಗ್ರಾಫೈಟ್‌ನ ತಂಗಿ, ವಿದ್ಯುತ್ತಿಗೆ ಪೂರ್ತಿ ಅವಾಹಕ. ಉಳಿದ ಹಾಳೆಗಳಿಗೆ ಹಾಸಿಗೆಯಾಗಿ ಇದಕ್ಕಿಂತ ಚೊಕ್ಕವಾದದ್ದು ಸಿಕ್ಕಿಲ್ಲ. ಅದರ ಅತಿ ಶುದ್ಧ ಹರಳುಗಳನ್ನು ಬೆಳೆಸಿ ದೇಶದೇಶಗಳ ವಿಜ್ಞಾನಿಗಳಿಗೆ ಕಳಿಸಿಕೊಟ್ಟವರು ಜಪಾನಿನ ತ್ಸುಕುಬಾದ ತಾನಿಗುಚಿ ಮತ್ತು ವತಾನಾಬೆ ಎಂಬ ಇಬ್ಬರು. ಇನ್ನೂ ಇವೆ: 1914ರಲ್ಲೇ ಬ್ರಿಜ್‌ಮನ್ ಎಂಬ ವಿಜ್ಞಾನಿ ಮಾಡಿದ್ದ, ನೂರು ವರ್ಷದ ಮೇಲೆ ಪದರಗಳಾಗಿ ಬಿಡಿಸಿಕೊಂಡ, ಗಾಳಿಯ ತೇವ ತಗುಲಿದರೆ ಹಾಳಾಗುವ ಕಪ್ಪು ರಂಜಕ, 2011ರಲ್ಲಿ ಫಿಲಡೆಲ್ಫಿಯಾದಲ್ಲಿ ಕಂಡ, ಬ್ಯಾಟರಿಗೆ ಒಗ್ಗುವ ಎಂಕ್ಸೀನ್.

ಹಾಗಾದರೆ ಈ ಚಿಪ್ಪುಗಳು ಯಾವಾಗ ಕೈಗೆ ಬರುತ್ತವೆ? ನಡೆದ ದಾರಿಯನ್ನು ನೋಡಿದರೆ ಒಂದು ಅಂದಾಜು ಸಿಗುತ್ತದೆ. 2017ರಲ್ಲಿ ವಿಯೆನ್ನಾದಲ್ಲಿ ಮಾಲಿಬ್ಡಿನಂ ಡೈಸಲ್ಫೈಡಿನ ಮೊದಲ ಪ್ರೊಸೆಸರ್ ಕಟ್ಟಿದರು. ಅದರಲ್ಲಿ ಇದ್ದದ್ದು 115 ಟ್ರಾನ್ಸಿಸ್ಟರ್. 2025ರ ಏಪ್ರಿಲ್‌ನಲ್ಲಿ ಶಾಂಘೈನ ಫುದಾನ್ ವಿಶ್ವವಿದ್ಯಾಲಯ 5,900ಕ್ಕೂ ಹೆಚ್ಚು ಟ್ರಾನ್ಸಿಸ್ಟರಿನ 32 ಬಿಟ್ ಪ್ರೊಸೆಸರನ್ನು ಪ್ರಕಟಿಸಿತು. 1971ರ ಇಂಟೆಲ್ 4004ರಲ್ಲಿ ಸುಮಾರು 2,300 ಇದ್ದವು. ಅಂದರೆ ಪದರದ ಚಿಪ್ಪು ಸಿಲಿಕಾನಿನ ಎಳೆಯ ಪ್ರಾಯವನ್ನು ದಾಟಿದೆ, ಅಷ್ಟೇ. 2025ರಲ್ಲೇ ಅಮೆರಿಕದ ಪೆನ್ ಸ್ಟೇಟ್‌ನಲ್ಲಿ ಸಪ್ತರ್ಷಿ ದಾಸ್ ಅವರ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ನಡೆಯಬೇಕಾದರೆ ಟ್ರಾನ್ಸಿಸ್ಟರುಗಳು ಜೋಡೆತ್ತಿನಂತೆ ಎರಡು ಬಗೆಯವಿರಬೇಕು, ಒಂದು ಎಳೆದಾಗ ಇನ್ನೊಂದು ಬಿಡಬೇಕು. ಸಿಲಿಕಾನಿನಲ್ಲಿ ಎರಡನ್ನೂ ಒಂದೇ ವಸ್ತುವಿನಿಂದ ಮಾಡುತ್ತಾರೆ. ಮಾಲಿಬ್ಡಿನಂ ಡೈಸಲ್ಫೈಡ್ ಒಂಟೆತ್ತು. ದಾಸ್ ತಂಡ ಅದಕ್ಕೆ ಟಂಗ್‌ಸ್ಟನ್ ಡೈಸೆಲೆನೈಡನ್ನು ಜೋಡಿ ಮಾಡಿ ಸಣ್ಣ ಕಂಪ್ಯೂಟರನ್ನೇ ನಡೆಸಿತು. ವೇಗ ಸೆಕೆಂಡಿಗೆ 25 ಸಾವಿರ ಬಡಿತ. ನಮ್ಮ ಜೇಬಿನ ಫೋನಿನದು 200, 300 ಕೋಟಿ.

ಅಂತರ ದೊಡ್ಡದು, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಂಟುಪಟ್ಟಿಯಿಂದ ಕಿತ್ತ ಚೂರುಗಳಲ್ಲಿ ಕಾರ್ಖಾನೆ ನಡೆಯದು. ಚಿಪ್ಪುಗಳನ್ನು ಕೊರೆಯುವ ವೇಫರ್ ಎಂಬ ಊಟದ ತಟ್ಟೆಯಗಲದ ಬಿಲ್ಲೆಯ ಉದ್ದಗಲಕ್ಕೂ ಒಂದೇ ಒಂದು ಪದರ, ತೂತಿಲ್ಲದೆ, ಮಡಿಕೆಯಿಲ್ಲದೆ ಬೆಳೆಯಬೇಕು. ಅದನ್ನು ಬೆಳೆಸುವುದು ಕಾದ ಕುಲುಮೆಯಲ್ಲಿ, ಆವಿಯಿಂದ. ಆದರೆ ಮೊದಲೇ ಸಿದ್ಧವಾಗಿರುವ ಸಿಲಿಕಾನ್ ಚಿಪ್ಪಿನ ಮೇಲೆ ಬೆಳೆಸಬೇಕೆಂದರೆ 400 ಡಿಗ್ರಿಗಿಂತ ಹೆಚ್ಚಿನ ಕಾವನ್ನು ಆ ಚಿಪ್ಪು ತಡೆಯದು. ಎಂಐಟಿಯವರು 2023ರಲ್ಲಿ 300 ಡಿಗ್ರಿಯೊಳಗೆ ಬೆಳೆಸಿ ಒಂದು ಗಂಟು ಬಿಡಿಸಿದರು. ಇನ್ನೊಂದು ಗಂಟು ಲೋಹದ ತಂತಿ ಪದರವನ್ನು ಮುಟ್ಟುವ ಜಾಗದ್ದು. ಕಾಲುವೆ ಎಷ್ಟು ಚೆನ್ನಾಗಿದ್ದರೂ ಬಾಯಲ್ಲೇ ಕಸ ಕಟ್ಟಿದರೆ ನೀರು ಹೋಗುವುದೆಲ್ಲಿಗೆ? 2021ರಲ್ಲಿ ಬಿಸ್ಮತ್ ಲೋಹ ಬಳಸಿ ಆ ಅಡ್ಡಿಯನ್ನು ಬಹುಮಟ್ಟಿಗೆ ತಗ್ಗಿಸಿದರು. ಅದಕ್ಕೂ ಮೊದಲೇ, 2016ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಅವರ ತಂಡ ಮುಟ್ಟುವ ಜಾಗಕ್ಕೆ ಗಂಧಕದ ಸಂಸ್ಕಾರ ಕೊಟ್ಟು ಅಡ್ಡಿ ಇಳಿಸುವ ದಾರಿ ತೋರಿಸಿತ್ತು. ಟಿಎಸ್‌ಎಂಸಿ, ಇಂಟೆಲ್, ಸ್ಯಾಮ್‌ಸಂಗ್, ಬೆಲ್ಜಿಯಂನ ಐಮೆಕ್ ಎಲ್ಲ ಕಡೆಯೂ ಇದರ ಮೇಲೆ ತಂಡಗಳು ಕೂತಿವೆ. ಮೊದಲು ಬರುವುದು ಸಿಲಿಕಾನಿನ ಜಾಗಕ್ಕಲ್ಲ, ಸಿಲಿಕಾನಿನ ಮಹಡಿಯ ಮೇಲೆ ಎಂಬುದು ನನ್ನ ಎಣಿಕೆ.

ಇದರಿಂದ ಕಲ್ಯಾಣದುರ್ಗದ ಹೊಲಕ್ಕೆ ಏನು? ಬರ ನೀಗುವುದಿಲ್ಲ. ಆದರೆ ಜಿನುಗದ ತೂಬು ಎಂದರೆ ಸುಮ್ಮನೆ ಕೂತಾಗ ಬ್ಯಾಟರಿ ತಿನ್ನದ ಯಂತ್ರ. ಮಣ್ಣಿನ ತೇವ ಅಳೆದು ಡ್ರಿಪ್ಪಿಗೆ ನೀರು ಬಿಡುವ ಒಂದು ಸಣ್ಣ ಸಾಧನ ದಿನದಲ್ಲಿ ಕೆಲಸ ಮಾಡುವುದು ಕೆಲವೇ ಕ್ಷಣ, ಉಳಿದ ಹೊತ್ತೆಲ್ಲ ಸುಮ್ಮನಿರುತ್ತದೆ. ವಾಚಿನ ಬ್ಯಾಟರಿಯಷ್ಟರಲ್ಲಿ ಅದು ವರ್ಷಗಟ್ಟಲೆ ನಡೆಯುವಂತಾದರೆ ಬೋರ್‌ವೆಲ್ಲಿನ ಕೊನೆಯ ನೀರನ್ನು ಲೆಕ್ಕ ಹಾಕಿ ಬಿಡುವ ರೈತನಿಗೆ ಅದು ಬೇಕು. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವ್ಯಾಟಿನ ಸೌರ ಹೊಲ ಇದೆಯಲ್ಲ, ಆ ದಾರಿಯಲ್ಲಿ ಹೋಗುವಾಗಲೂ ನನಗೆ ಈ ಪದರಗಳೇ ನೆನಪಾಗುತ್ತವೆ. ಒಂದು ನ್ಯಾನೋಮೀಟರೂ ದಪ್ಪವಿಲ್ಲದ ಮಾಲಿಬ್ಡಿನಂ ಡೈಸಲ್ಫೈಡ್ ಹಾಳೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲನ್ನು ಕುಡಿಯಬಲ್ಲದು.

ನಾನು ಗಟ್ಟಿಯಾಗಿ ಹೇಳಬೇಕೆಂದಿರುವುದು ಬೇರೆ. ಸಿಲಿಕಾನಿನ ರೈಲು ನಮಗೆ ತಪ್ಪಿಹೋಯಿತು. ಮೊಹಾಲಿಯಲ್ಲಿ ಸರ್ಕಾರ ಕಟ್ಟಿದ್ದ ಚಿಪ್ ಕಾರ್ಖಾನೆ 1989ರಲ್ಲಿ ಬೆಂಕಿಗೆ ಸಿಕ್ಕಿತು, ಆಮೇಲೆ ದಶಕಗಳೇ ಕಳೆದವು. ಇವತ್ತು ಹಿಂದೂಪುರದ ಪಕ್ಕದ ಪೆನುಕೊಂಡದಲ್ಲಿ ಕಿಯಾ ಕಾರುಗಳು ತಯಾರಾಗುತ್ತವೆ. ಒಂದೊಂದು ಆಧುನಿಕ ಕಾರಿನಲ್ಲೂ ಸಾವಿರಕ್ಕೂ ಹೆಚ್ಚು ಚಿಪ್ಪುಗಳು ಬೇಕು, ಅವು ಬಹುಪಾಲು ಬರುವುದು ಹೊರದೇಶಗಳಿಂದ. 2021ರಲ್ಲಿ ಚಿಪ್ ಸಿಗದೆ ಜಗತ್ತಿನ ಕಾರ್ ಕಾರ್ಖಾನೆಗಳು ಕೈಕಟ್ಟಿ ಕೂತದ್ದನ್ನು ನೋಡಿದ್ದೇವೆ. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅರೆವಾಹಕಗಳಿಗೆಂದು 76 ಸಾವಿರ ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ಒಳ್ಳೆಯದೇ. ಆದರೆ ಅದು ಬೇರೆಯವರು ಬಿತ್ತಿ ಬೆಳೆದ ತಂತ್ರಜ್ಞಾನವನ್ನು ತಂದು ನೆಡುವ ಖರ್ಚು. ಪದರವಸ್ತುಗಳಲ್ಲಿ ಹಾಗಿಲ್ಲ. ಇಲ್ಲಿ ದೊಡ್ಡ ಪ್ರಮಾಣದ ಚಿಪ್ ಕಾರ್ಖಾನೆ ಇನ್ನೂ ಎದ್ದಿಲ್ಲ, ಹೆಚ್ಚಿನವರು ಪ್ರಯೋಗಾಲಯದಲ್ಲೇ ಇದ್ದಾರೆ, ನಮ್ಮವರೂ ಅವರ ಸಾಲಿನಲ್ಲೇ ಇದ್ದಾರೆ.

ಭಾರತೀಯ ವಿಜ್ಞಾನ ಸಂಸ್ಥೆಯ 30 ವಿಜ್ಞಾನಿಗಳು ಸೇರಿ ಇಂಥ ಪದರವಸ್ತುಗಳಿಂದ ನ್ಯಾನೋಮೀಟರಿಗಿಂತಲೂ ಕಿರಿದಾದ ಆಂಗ್‌ಸ್ಟ್ರಾಮ್ ಅಳತೆಯ ಚಿಪ್ ಮಾಡುವ ವಿವರವಾದ ಯೋಜನೆಯನ್ನು 2022ರ ಏಪ್ರಿಲ್‌ನಲ್ಲಿ ಕೇಂದ್ರಕ್ಕೆ ಕೊಟ್ಟರು, 2024ರ ಅಕ್ಟೋಬರ್‌ನಲ್ಲಿ ತಿದ್ದಿ ಮತ್ತೆ ಕೊಟ್ಟರು. ಅವರು ಕೇಳಿದ್ದು ಐದು ವರ್ಷಕ್ಕೆ 500 ಕೋಟಿ ರೂಪಾಯಿ. 76 ಸಾವಿರ ಕೋಟಿಯ ಪಕ್ಕದಲ್ಲಿ ಅದು ನೂರಕ್ಕೆ ಒಂದು ಪಾಲೂ ಅಲ್ಲ. ಮೊದಲ ಅರ್ಜಿಗೂ ಎರಡನೆಯದಕ್ಕೂ ನಡುವೆ ಎರಡೂವರೆ ವರ್ಷ ಹೋಯಿತು. ಹೊಲ ಹದವಾಗಿದ್ದಾಗ ಬಿತ್ತದೆ ಬೀಜದ ದುಡ್ಡಿಗೆ ಚೌಕಾಸಿ ಮಾಡುತ್ತ ಕೂತರೆ ಏನಾಗುತ್ತದೆ ಎಂದು ಅನಂತಪುರದ ಕಡಲೆಕಾಯಿ ರೈತರಿಗೆ ಗೊತ್ತು. ಇಂಥ ಅರ್ಜಿಗೆ ಉತ್ತರ ತಿಂಗಳುಗಳಲ್ಲಿ ಬರಬೇಕು, ಪೂರ್ತಿ ಹಣದೊಂದಿಗೆ ಬರಬೇಕು.

ಇನ್ನು ನಮ್ಮ ಗಡಿಯ ಊರುಗಳ ಮೇಷ್ಟರಿಗೆ, ತಾಯ್ತಂದೆಯರಿಗೆ ಒಂದು ಮಾತು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುವ ಮಕ್ಕಳಿಗೆ ಈ ವಿದ್ಯೆ ಅಮೆರಿಕದ್ದು ಎನ್ನಿಸಬಾರದು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರ ಹೊರಗಿನ ಕಾಲೇಜು, ವಿಶ್ವವಿದ್ಯಾಲಯಗಳ ಸಂಶೋಧಕರಿಗೂ ತನ್ನ ಯಂತ್ರಗಳನ್ನು ಬಳಸಲು ಬಿಡುವ, ತರಬೇತಿ ಕೊಡುವ ಕಾರ್ಯಕ್ರಮ ನಡೆಸುತ್ತದೆ. ಅನಂತಪುರದ ಉಪನ್ಯಾಸಕರು ಅರ್ಜಿ ಹಾಕಬಹುದು. ವರ್ಷಕ್ಕೊಂದು ದಿನ, ಸಾಮಾನ್ಯವಾಗಿ ಫೆಬ್ರುವರಿ ಕೊನೆಗೋ ಮಾರ್ಚ್ ಮೊದಲಿಗೋ, ಸಂಸ್ಥೆ ತನ್ನ ಬಾಗಿಲನ್ನು ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಡುತ್ತದೆ. ಆ ದಿನ ಮಕ್ಕಳನ್ನು ಕರೆದುಕೊಂಡು ಬೆಳಗಿನ ರೈಲು ಹತ್ತಿ, ಯಶವಂತಪುರದಲ್ಲಿ ಇಳಿಯಿರಿ. ಜೇಬಿನಲ್ಲಿ ಒಂದು ಚೂರು ಕಾಗೆಬಂಗಾರ ಇರಲಿ. ಅದನ್ನು ಅಲ್ಲಿನವರ ಕೈಗಿಟ್ಟು, ಇದರ ಕೊನೆಯ ಹಾಳೆ ಎಷ್ಟು ತೆಳು ಎಂದು ಮಗುವಿನಿಂದಲೇ ಕೇಳಿಸಿ.